ಕಪಾಟಿನಲ್ಲಿಟ್ಟ ಹಾರ್ಡ್ ಡಿಸ್ಕ್‌ನಲ್ಲೂ ಹುಡುಕಿಕೊಡುವ ಎವರಿಥಿಂಗ್: ಕೆಲವು ವರ್ಷ ಬಳಸಿದ ಮೇಲೆ

ಯಕ್ಷಗಾನದ ರೆಕಾರ್ಡಿಂಗ್ ಕೂಡಿಡುವವರ ಪಾಡು ಎಲ್ಲ ಕಡೆ ಒಂದೇ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಆಡಿಯೋ, ಬೆಳಗಿನವರೆಗೆ ನಡೆದ ಆಟದ ವಿಡಿಯೋ, ಹಳೆಯ ಕರಪತ್ರಗಳ ಸ್ಕ್ಯಾನ್. ಇದೆಲ್ಲ ಒಂದು ಕಂಪ್ಯೂಟರಿನಲ್ಲಿ ಹಿಡಿಯುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್‌ಗಳು ಒಂದೊಂದಾಗಿ ಸೇರುತ್ತಾ ಹೋಗುತ್ತವೆ. ಯಾರಾದರೂ ಬಂದು ಒಂದು ತಾಳಮದ್ದಳೆ ಕೇಳಿದರೆ, ಅದು ಯಾವ ಡಿಸ್ಕ್‌ನಲ್ಲಿದೆ ಎಂದು ಪತ್ತೆ ಮಾಡುವುದೇ ದೊಡ್ಡ ಕೆಲಸ. ಹಾಗಾಗಿ ಹುಡುಕುವ ಸಾಫ್ಟ್‌ವೇರ್ ಯಾವುದೇ ಇರಲಿ, ನಾನು ಮೊದಲು ನೋಡುವುದು ಒಂದನ್ನೇ: ಕಳಚಿಟ್ಟ ಡಿಸ್ಕ್‌ನಲ್ಲಿ ಏನಿತ್ತು ಎಂದು ಅದಕ್ಕೆ ನೆನಪಿರುತ್ತದಾ?

ಮ್ಯಾಕ್‌ನಲ್ಲಿ ಹುಡುಕಿಕೊಡುವ ಸ್ಪಾಟ್‌ಲೈಟ್ ತನ್ನ ಸೂಚಿಯನ್ನು (ಇಂಡೆಕ್ಸ್, ಅಂದರೆ ಫೈಲ್‌ಗಳ ಪಟ್ಟಿ) ಆಯಾ ಡಿಸ್ಕ್‌ನಲ್ಲೇ ಒಂದು ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಡಿಸ್ಕ್ ಕಳಚಿದರೆ ಸೂಚಿಯೂ ಅದರ ಜೊತೆಗೇ ಹೋಯಿತು. ವಿಂಡೋಸ್‌ನಲ್ಲಿ ವಾಯ್ಡ್‌ಟೂಲ್ಸ್‌ನವರ ಎವರಿಥಿಂಗ್ ಎಂಬ ಸಾಫ್ಟ್‌ವೇರ್ ಮಾತ್ರ ನನ್ನ ಕೆಲಸಕ್ಕೆ ಸರಿಯಾಗಿ ಒದಗಿತು. ಇಲ್ಲಿ ಹೇಳುತ್ತಿರುವುದೆಲ್ಲ ಅದರ 1.4 ಆವೃತ್ತಿಯ ಬಗ್ಗೆ.

ಎನ್‌ಟಿಎಫ್‌ಎಸ್ (ವಿಂಡೋಸ್‌ನದೇ ಫಾರ್ಮ್ಯಾಟ್) ಡಿಸ್ಕ್ ಆದರೆ ಎವರಿಥಿಂಗ್ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡುವುದಿಲ್ಲ. ಪುಟ ತಿರುವದೆ ಪರಿವಿಡಿ ಓದಿದ ಹಾಗೆ, ಎಲ್ಲ ಫೈಲ್‌ಗಳ ಹೆಸರಿರುವ ಮಾಸ್ಟರ್ ಫೈಲ್ ಟೇಬಲನ್ನು ನೇರವಾಗಿ ಓದಿಕೊಳ್ಳುತ್ತದೆ. 10 ಲಕ್ಷ ಫೈಲ್‌ಗಳಿಗೆ ಸುಮಾರು ಒಂದು ನಿಮಿಷ, 75 ಎಂಬಿ ರ‍್ಯಾಮ್ ಎನ್ನುವುದು ತಯಾರಕರ ಲೆಕ್ಕ. ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದಿದೆ. ಏನೇನು ಬದಲಾಯಿತು ಎಂಬ ದಾಖಲೆ, ಅಂದರೆ ಯುಎಸ್‌ಎನ್ ಜರ್ನಲ್, ಡಿಸ್ಕ್‌ನಲ್ಲೇ ಇರುತ್ತದೆ. ಡಿಸ್ಕನ್ನು ಬೇರೆ ವಿಂಡೋಸ್ ಕಂಪ್ಯೂಟರಿಗೆ ಹಾಕಿ ಹೊಸ ಫೈಲ್ ಸೇರಿಸಿ ತಂದರೂ, ಇಲ್ಲಿ ಚುಚ್ಚಿದ ಕೂಡಲೇ ಆ ಬದಲಾವಣೆಗಳನ್ನಷ್ಟೇ ಓದಿಕೊಂಡು ಸರಿಹೊಂದುತ್ತದೆ.

ಕಳಚಿದ ಮೇಲೂ ಹೆಸರುಗಳು ಉಳಿಯಬೇಕಾದರೆ ಒಂದು ಸೆಟ್ಟಿಂಗ್ ನೋಡಲೇಬೇಕು. ಆಪ್ಷನ್ಸ್‌ನಲ್ಲಿ ಇಂಡೆಕ್ಸಸ್‌ಗೆ ಹೋಗಿ, ಎನ್‌ಟಿಎಫ್‌ಎಸ್ ಎಂಬಲ್ಲಿ 'ಆಟೋಮ್ಯಾಟಿಕಲಿ ರಿಮೂವ್ ಆಫ್‌ಲೈನ್ ವಾಲ್ಯೂಮ್ಸ್' ಮುಂದೆ ಟಿಕ್ ಇದ್ದರೆ ತೆಗೆಯಿರಿ. ಅಲ್ಲೇ ಹೊಸ ರಿಮೂವಬಲ್ ಡ್ರೈವ್‌ಗಳನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯೂ ಇದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳನ್ನು ವಿಂಡೋಸ್ ಸಾಮಾನ್ಯವಾಗಿ ಫಿಕ್ಸೆಡ್ ಎಂದೇ ಗುರುತಿಸುತ್ತದೆ. ಪೆನ್ ಡ್ರೈವ್‌ಗಳಿಗೆ ಮಾತ್ರ ಈ ಆಯ್ಕೆ ಬೇಕಾಗುತ್ತದೆ.

ಇನ್ನೊಂದು ಮಾತು. ಚುಚ್ಚಿದ ಡಿಸ್ಕ್‌ಗೆ ವಿಂಡೋಸ್ ಒಂದು ಅಕ್ಷರ ಕೊಡುತ್ತದೆ; ಎಲ್ಲ ಡಿಸ್ಕ್‌ಗಳಿಗೂ ಸರದಿಯಲ್ಲಿ 'ಇ' ಅಕ್ಷರವೇ ಬಂದರೆ ಫಲಿತಾಂಶ ನೋಡಿ ಯಾವ ಡಿಸ್ಕ್ ಎಂದು ಹೇಳುವುದು ಕಷ್ಟ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದೊಂದಕ್ಕೂ ಬೇರೆ ಅಕ್ಷರ ಕೊಟ್ಟುಬಿಡಿ. ಅದೇ ಅಕ್ಷರವನ್ನು ಡಿಸ್ಕ್‌ನ ಮೈಮೇಲೆ ಚೀಟಿಯಲ್ಲಿ ಬರೆದು ಅಂಟಿಸಿ. ಆಮೇಲೆ ನೋಡಿ, ಹೆಸರು ಟೈಪ್ ಮಾಡುತ್ತಿದ್ದಂತೆ 'ಕೆ' ಡಿಸ್ಕ್ ಎಂದು ಗೊತ್ತಾಗುತ್ತದೆ, ಕಪಾಟಿನಿಂದ ಅದೊಂದನ್ನೇ ತೆಗೆದರೆ ಆಯಿತು.

ತೊಡಕು ಇರುವುದು ಎಕ್ಸ್‌ಫ್ಯಾಟ್‌ನಲ್ಲಿ. 32 ಜಿಬಿಗಿಂತ ದೊಡ್ಡ ಕ್ಯಾಮೆರಾ ಕಾರ್ಡ್‌ಗಳೆಲ್ಲ ಸಾಮಾನ್ಯವಾಗಿ ಇದೇ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಇದರಲ್ಲಿ ಆ ಟೇಬಲ್ಲೂ ಇಲ್ಲ, ಜರ್ನಲ್ಲೂ ಇಲ್ಲ. ಇಂಡೆಕ್ಸಸ್‌ನ ಫೋಲ್ಡರ್ಸ್ ವಿಭಾಗದಲ್ಲಿ ನಾವೇ ಸೇರಿಸಬೇಕು, ಎವರಿಥಿಂಗ್ ಒಂದೊಂದೇ ಫೋಲ್ಡರ್ ಹೊಕ್ಕು ನೋಡಬೇಕು. ಬೇರೆ ಕಡೆ ಆದ ಬದಲಾವಣೆ ಮತ್ತೆ ಸ್ಕ್ಯಾನ್ ಆಗುವವರೆಗೆ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಷ್ಟೇ ಬಳಸುವ ಸಂಗ್ರಹದ ಡಿಸ್ಕ್ ಆದರೆ, ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಸ್ನೇಹಿತರ ಡಿಸ್ಕ್‌ಗಳಿಗೆ ಇಎಫ್‌ಯು ಪಟ್ಟಿ ಎಂಬ ಸೌಲಭ್ಯವಿದೆ. ಸಂಗ್ರಹಕಾರರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಡಿಸ್ಕ್‌ನ ಫೈಲ್‌ಗಳನ್ನು ತೋರಿಸಿ ಎಕ್ಸ್‌ಪೋರ್ಟ್ ಮಾಡಿದರೆ ಹೆಸರು, ಗಾತ್ರ, ತಾರೀಕು ಇರುವ ಒಂದು ಸಾದಾ ಪಠ್ಯದ ಫೈಲ್ ಸಿಗುತ್ತದೆ. ಅದನ್ನು ಮೇಲ್‌ನಲ್ಲಿ ತರಿಸಿ ನಮ್ಮ ಎವರಿಥಿಂಗ್‌ಗೆ ಸೇರಿಸಿದರೆ, ಅವರ ಮನೆಯಲ್ಲಿರುವ ರೆಕಾರ್ಡಿಂಗೂ ನಮ್ಮ ಹುಡುಕಾಟದಲ್ಲಿ ಕಾಣುತ್ತದೆ. ಆದರೆ ಈ ಪಟ್ಟಿ ತಾನಾಗಿ ಹೊಸದಾಗುವುದಿಲ್ಲ, ಆಗಾಗ ಹೊಸತು ತರಿಸಿಕೊಳ್ಳಬೇಕು.

ಕನ್ನಡದ ಫೈಲ್ ಹೆಸರುಗಳೂ ಸಿಗುತ್ತವೆ. ಆದರೆ ಅಕ್ಷರ ಒಂದು ಬದಲಾದರೂ ಸಿಗುವುದಿಲ್ಲ. ಒಬ್ಬರು ತಾಳಮದ್ದಳೆ ಎಂದರೆ ಇನ್ನೊಬ್ಬರು ತಾಳಮದ್ದಲೆ ಎಂದು ಬರೆದಿರುತ್ತಾರೆ, ಅಲ್ವಾ? ಎರಡನ್ನೂ ಬರೆದು ನಡುವೆ ನಿಂತ ಗೀಟು (|) ಹಾಕಿದರೆ ಎರಡೂ ಬರುತ್ತವೆ, ಸುಮ್ನೆ 'ಮದ್ದ' ಎಂದರೂ ಸಾಕು.

ಫೈಲ್‌ನೊಳಗಿನ ಬರಹ ಹುಡುಕಲು ಇದನ್ನು ನೆಚ್ಚಬೇಡಿ. ಒಂದೊಂದು ಫೈಲನ್ನೂ ತೆರೆದು ಓದಬೇಕಾದ್ದರಿಂದ ತುಂಬಾ ನಿಧಾನ, ಡಿಸ್ಕ್ ಚುಚ್ಚಿಯೂ ಇರಬೇಕು. ದಾಖಲೆಪತ್ರಗಳೇ ಜಾಸ್ತಿ ಇರುವವರಿಗೆ ವಿಂಡೋಸ್‌ನದೇ ಸರ್ಚ್ ಮೇಲು. ನನ್ನಂತೆ ಆಡಿಯೋ, ವಿಡಿಯೋ, ಚಿತ್ರಗಳನ್ನೇ ಹತ್ತಾರು ಡಿಸ್ಕ್‌ಗಳಲ್ಲಿ ಇಟ್ಟುಕೊಂಡವರು ಇದನ್ನು ಇವತ್ತೇ ಹಾಕಿಕೊಳ್ಳಬಹುದು. ಇದು ಪೂರ್ತಿ ಉಚಿತ.