ಮನೆತನದ ದಾಖಲೆಗೆ ಗ್ರ್ಯಾಂಪ್ಸ್: ಧಾರವಾಡ ಸೀಮೆಯವರಿಗೆ ಎಷ್ಟು ಒದಗುತ್ತದೆ?

ವಂಶಾವಳಿ ಬರೆಯಲು ಕೂತವರು ಮೊದಲು ಹೆಸರುಗಳ ಗಿಡ ಬಿಡಿಸುತ್ತಾರೆ. ಆ ಹೆಸರು ಅಜ್ಜಿ ಹೇಳಿದ್ದೋ, ಹೊಲದ ಉತಾರದಲ್ಲಿ ಕಂಡದ್ದೋ, ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವ ಹೆಳವರು ಓದಿದ್ದೋ ಎಂಬುದನ್ನು ಬರೆಯುವುದಿಲ್ಲ. ಆರು ತಿಂಗಳು ಕಳೆದರೆ ಬರೆದವರಿಗೇ ನೆನಪಿರುವುದಿಲ್ಲ. ಗ್ರ್ಯಾಂಪ್ಸ್ ತಂತ್ರಾಂಶ ಈ ಕೊರತೆಯನ್ನು ತುಂಬುತ್ತದೆ. ಹುಟ್ಟು, ಮದುವೆ, ಸಾವು, ದತ್ತಕ, ಯಾವುದನ್ನು ಬರೆದರೂ ಪಕ್ಕದಲ್ಲೇ ಆಧಾರ ಬರೆಯಲು ಜಾಗವಿದೆ. ಆ ಆಧಾರ ಎಷ್ಟು ಗಟ್ಟಿ ಎಂದು ಐದು ಹಂತಗಳಲ್ಲಿ ಗುರುತು ಹಾಕಬಹುದು.

2001ರಲ್ಲಿ ಶುರುವಾದ ಮುಕ್ತ ತಂತ್ರಾಂಶವಿದು, ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಂಟರ್ನೆಟ್ ಬೇಕಿಲ್ಲ, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮೆನು ಇಂಗ್ಲಿಷಿನಲ್ಲಿದ್ದರೂ ಹೆಸರು, ಊರು, ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಯನ್ನು ಹಾಗೇ ಅಂಟಿಸಿದರೆ ಮಾತ್ರ ಅಕ್ಷರ ಕಲಸಿಹೋಗುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಆಧಾರ ಬರೆಯುವ ಕ್ರಮವನ್ನು ಮೊದಲ ದಿನವೇ ಸರಿಯಾಗಿ ಕಲಿಯಬೇಕು. ಹೊಲದ ಹಕ್ಕು ಬದಲಾದದ್ದನ್ನು ಬರೆಯುವ ಊರಿನ ವರ್ದಿ ಪುಸ್ತಕ ಒಂದು ಸೋರ್ಸ್. ಅದರೊಳಗಿನ ಪುಟ, ವರ್ದಿ ನಂಬರು, ನೀವು ನೋಡಿದ ತಾರೀಖು ಸೈಟೇಶನ್. ಪುಸ್ತಕ ಇರುವ ಜಾಗ, ಅಂದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮೋ ದೊಡ್ಡಪ್ಪನ ಟ್ರಂಕೋ, ರೆಪಾಸಿಟರಿ. ಹೊಸಬರು ಪ್ರತಿ ಹೆಸರಿಗೂ ಹೊಸ ಸೋರ್ಸ್ ಮಾಡುತ್ತ ಹೋಗುತ್ತಾರೆ. ಆಮೇಲೆ ಒಂದೇ ಪುಸ್ತಕ ಪಟ್ಟಿಯಲ್ಲಿ ನಲವತ್ತು ಸಲ ಕಾಣುತ್ತದೆ. ಗಟ್ಟಿತನದ ಗುರುತನ್ನೂ ಯೋಚಿಸಿ ಹಾಕಬೇಕು. ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಹಚ್ಚುವ ವಾರಸಾ ವರ್ದಿಯಲ್ಲಿ ತಂದೆ ಮಕ್ಕಳ ಸಂಬಂಧ ನಂಬುವಂಥದ್ದು, ಆದರೆ ವರ್ದಿಯ ತಾರೀಖೇ ಸಾವಿನ ತಾರೀಖಲ್ಲ. ಎಷ್ಟೋ ಮನೆಗಳಲ್ಲಿ ಹತ್ತಿಪ್ಪತ್ತು ವರ್ಷ ತಡವಾಗಿ ವಾರಸಾ ಹಚ್ಚಿರುತ್ತಾರೆ. ಸಾಲಿಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿನ ಮೇಲೆ ಬರೆದದ್ದಿರಬಹುದು. ಕೆಳಗಿನ ಹಂತದಲ್ಲೇ ಇಡಿ.

ಹೆಸರಿನ ವಿಷಯದಲ್ಲಿ ಗ್ರ್ಯಾಂಪ್ಸ್ ನಮ್ಮ ಪದ್ಧತಿಗೆ ಚೆನ್ನಾಗಿ ಹೊಂದುತ್ತದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರನ್ನೂ ಬೇರೆ ಬೇರೆಯಾಗಿ ಬರೆಯಬಹುದು. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಅಡ್ಡಹೆಸರು ಹಾಕಿ, ಅದು ಊರಿಂದ ಬಂದದ್ದೋ ಕಸುಬಿನಿಂದ ಬಂದದ್ದೋ ಎಂದು ಗುರುತಿಸಬಹುದು. ಒಂದೇ ಮನೆತನದಲ್ಲಿ ಅಣ್ಣನ ಕಡೆಯವರು ಪಾಟೀಲರು, ತಮ್ಮನ ಕಡೆಯವರು ಅಣ್ಣಿಗೇರಿ ಎಂದಾದಾಗ ಇದು ಬಹಳ ಕೆಲಸಕ್ಕೆ ಬರುತ್ತದೆ. ಮದುವೆಯಲ್ಲಿ ಹೆಸರು ಬದಲಾದ ಹೆಣ್ಣುಮಕ್ಕಳಿಗೆ ತವರಿನ ಹೆಸರನ್ನೇ ಮುಖ್ಯವಾಗಿಟ್ಟು ಗಂಡನ ಮನೆಯ ಹೆಸರನ್ನು ಪರ್ಯಾಯವಾಗಿ ಸೇರಿಸಿ. ಇಲ್ಲದಿದ್ದರೆ ತವರಿನ ಕೊಂಡಿ ಅಲ್ಲಿಗೇ ಕಳಚುತ್ತದೆ.

ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಬಸಪ್ಪ ವೀರಪ್ಪ, ವೀರಪ್ಪ ಬಸಪ್ಪ, ಮತ್ತೆ ಬಸಪ್ಪ ವೀರಪ್ಪ ಎಂದು ಸಾಲು ಬರುತ್ತದೆ. ಒಂದೇ ಬಗೆಯ ಹೆಸರುಗಳನ್ನು ಹುಡುಕಿ ಕೂಡಿಸಲು ಇದರಲ್ಲೊಂದು ಸಲಕರಣೆ ಇದೆ. ಅದು ತೋರಿಸಿತೆಂದು ಕೂಡಿಸಿಬಿಟ್ಟರೆ ಅಜ್ಜ ಮೊಮ್ಮಗ ಒಬ್ಬರೇ ಆಗಿಬಿಡುತ್ತಾರೆ. ಪ್ರತಿಯೊಬ್ಬರಿಗೂ ತಂತ್ರಾಂಶವೇ ಕೊಡುವ, ‘I’ ಅಕ್ಷರದಿಂದ ಶುರುವಾಗುವ ನಂಬರನ್ನು ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಿ, ಗೊಂದಲ ತಪ್ಪುತ್ತದೆ.

ದತ್ತಕಕ್ಕೂ ಉತ್ತಮ ಏರ್ಪಾಡಿದೆ. ದತ್ತು ಹೋದ ಮಗನನ್ನು ಹೆತ್ತವರ ಕುಟುಂಬದಲ್ಲೂ ದತ್ತು ತೆಗೆದುಕೊಂಡವರ ಕುಟುಂಬದಲ್ಲೂ ಸೇರಿಸಿ, ತಂದೆಯೊಡನೆ, ತಾಯಿಯೊಡನೆ ಸಂಬಂಧವೇನೆಂದು ಬೇರೆ ಬೇರೆ ಬರೆಯಬಹುದು. ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ ನಕ್ಷೆ ತೆಗೆದರೆ ಒಬ್ಬರೇ ಹಿರಿಯರು ಎರಡು ಕಡೆ ಕಾಣುತ್ತಾರೆ. ಅದು ತಪ್ಪಲ್ಲ, ಅಳಿಸಬೇಡಿ.

ಊರುಗಳ ಭಾಗ ನಮಗೆಂದೇ ಮಾಡಿದಂತಿದೆ. ಒಂದು ಊರು ಯಾವ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು ಎಂಬುದನ್ನು ವರ್ಷಸಮೇತ ಹಾಕಬಹುದು. ಗದಗ, ಹಾವೇರಿ ಜಿಲ್ಲೆಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. 1956ಕ್ಕೆ ಮುಂಚೆ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು. ಸ್ವಾತಂತ್ರ್ಯಕ್ಕೆ ಮೊದಲು ಸವಣೂರು ನವಾಬರದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಹಳೆಯ ಕಾಗದ ಎಲ್ಲಿ ಹುಡುಕಬೇಕೆಂಬುದು ಇದರ ಮೇಲೆಯೇ ನಿಲ್ಲುತ್ತದೆ.

ತಾರೀಖಿನ ವಿಷಯದಲ್ಲಿ ಮಾತ್ರ ಕೊರತೆಯಿದೆ. ಇಸ್ಲಾಮಿ, ಪರ್ಷಿಯನ್ ಪಂಚಾಂಗಗಳಿವೆ, ಶಾಲಿವಾಹನ ಶಕೆಯಿಲ್ಲ. ಶಕೆಗೆ 78 ಕೂಡಿಸಬೇಕು. ವರ್ಷದ ಕೊನೆಯ ತಿಂಗಳುಗಳಾದರೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ ಇನ್ನೂ ಎಚ್ಚರ ಬೇಕು. ಧಾತು ಸಂವತ್ಸರ ಎಂದರೆ 1876-77, 1936-37, 1996-97, ಮೂರೂ ಆಗಬಹುದು. ಬರಗಾಲದ ಮಾತು ಜೊತೆಗಿದ್ದರೆ ಮೊದಲನೆಯದಕ್ಕೆ ಬಲ ಬರುತ್ತದೆ. ‘1876 ಮತ್ತು 1877ರ ನಡುವೆ’ ಎಂಬ ಆಯ್ಕೆ ಬಳಸಿ, ಕಾಗದದಲ್ಲಿದ್ದ ಮೂಲ ಮಾತನ್ನು ಟಿಪ್ಪಣಿಯಲ್ಲಿ ಹಾಗೇ ಬರೆಯಿರಿ.

ಹೆಚ್ಚು ಜನ ಸೋಲುವುದು ಫೋಟೋ ವಿಷಯದಲ್ಲಿ. ಗ್ರ್ಯಾಂಪ್ಸ್ ಚಿತ್ರವನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಅದಿರುವ ದಾರಿಯನ್ನಷ್ಟೇ ನೆನಪಿಡುತ್ತದೆ. ಫೋಲ್ಡರ್ ಸರಿಸಿದರೆ ಎಲ್ಲ ಕೊಂಡಿಗಳೂ ಮುರಿಯುತ್ತವೆ. ಆದ್ದರಿಂದ ಮೊದಲೇ ಒಂದೇ ಫೋಲ್ಡರ್ ಮಾಡಿ, ಅದನ್ನು ಪ್ರಿಫರೆನ್ಸಸ್‌ನಲ್ಲಿ ಮೂಲದಾರಿಯಾಗಿ ಕೊಟ್ಟು, ಚಿತ್ರ ಸೇರಿಸುವಾಗ ಸಾಪೇಕ್ಷ ದಾರಿಯ (relative path) ಆಯ್ಕೆ ಹಾಕಿ. ತಿಂಗಳಿಗೊಮ್ಮೆ ಚಿತ್ರಗಳೂ ಸೇರಿದ ಬ್ಯಾಕಪ್ ತೆಗೆದು ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಿ. ಅದನ್ನು ಮರಳಿ ತೆರೆಯುವಾಗ ಹೊಸದಾಗಿ ಮಾಡಿದ ಖಾಲಿ ಮರದೊಳಗೇ (ಫ್ಯಾಮಿಲಿ ಟ್ರೀ) ತೆರೆಯಬೇಕು. ಇರುವ ಮರದೊಳಗೆ ತಂದರೆ ಎಲ್ಲರೂ ಎರಡೆರಡು ಆಗುತ್ತಾರೆ.

ಬರೀ ಮೊಬೈಲಿನಲ್ಲಿ ಕೆಲಸ ಮಾಡುವವರಿಗೆ ಇದು ಒದಗುವುದಿಲ್ಲ. ಹಿರಿಯರ ಹತ್ತಿರ ಹೋಗುವಾಗ ಒಂದು ಕವಲನ್ನಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಬಲಗಡೆ ಅಂಗೈಯಗಲ ಖಾಲಿ ಬಿಡಿ. ಅವರು ತಿದ್ದಿದ್ದನ್ನು ಆ ಖಾಲಿ ಜಾಗದಲ್ಲೇ ಪೆನ್ನಿನಿಂದ ಬರೆದು, ಹೇಳಿದವರ ಹೆಸರು, ತಾರೀಖು ಹಾಕಿ. ಆ ಹಾಳೆಯ ಫೋಟೋ ತೆಗೆದು ಅದನ್ನೂ ಒಂದು ಸೋರ್ಸ್ ಆಗಿ ಸೇರಿಸಿ. ಸುಗ್ಗಿಯ ನಂತರ ಎತ್ತು ಹೊಡಕೊಂಡು ಬರುವ ಹೆಳವರ ಮುಂದೆಯೂ ಇದೇ ಹಾಳೆ ಇಟ್ಟು, ಅವರು ತಮ್ಮ ಹೊತ್ತಿಗೆಯಿಂದ ಓದಿದಂತೆ ಹೆಸರುಗಳಿಗೆ ಗುರುತು ಹಾಕುತ್ತ ಹೋಗಿ.