ಚಳಿಗೆ ಸ್ಟಾರ್ಟ್ ಆಗದ ಹಳೇ ಜೀಪು: ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಹುಯ್ಯಬೇಡಿ

ಹಳೇ ಪೆಟ್ರೋಲ್ ಜೀಪು ಚಳಿಯಲ್ಲಿ ಸ್ಟಾರ್ಟ್ ಆಗಲಿಲ್ಲವೆಂದರೆ ಏರ್ ಕ್ಲೀನರ್ ಬಿಚ್ಚಿ, ಬಾಟಲಿಯಿಂದ ಒಂದಿಷ್ಟು ಪೆಟ್ರೋಲನ್ನು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬಾಯಿಗೆ ಹುಯ್ದು ಸೆಲ್ಫ್ ಹೊಡೆಯುವುದು ಎಷ್ಟೋ ಜನರಿಗೆ ರೂಢಿಯಾಗಿಬಿಟ್ಟಿದೆ. ದಯವಿಟ್ಟು ಈ ಅಭ್ಯಾಸ ಬಿಡಿ. ಹೀಗೆ ಮಾಡಲು ಹೋಗಿ ಬೆಂಕಿಗೆ ಸಿಕ್ಕ ಜೀಪೊಂದನ್ನು ಬಿಚ್ಚಿ ನೋಡಿದಾಗ ಕಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಆ ಗಾಡಿಯಲ್ಲಿ ಒಬ್ಬರು ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯುತ್ತಿದ್ದರು, ಇನ್ನೊಬ್ಬರು ಬಾನೆಟ್ ಎತ್ತಿ ಬಾಟಲಿ ಹಿಡಿದಿದ್ದರು. ಮೊದಲ ಸಲ ಹುಯ್ದಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಎರಡನೇ ಸಲ ಹುಯ್ಯುತ್ತಿದ್ದಂತೆಯೇ ಬ್ಯಾಕ್‌ಫೈರ್ ಆಗಿ ಕಾರ್ಬುರೇಟರ್ ಬಾಯಿಂದ ಬೆಂಕಿ ಮೇಲೆದ್ದಿತು. ಕೈ ಹಿಂದಕ್ಕೆಳೆದ ರಭಸಕ್ಕೆ ಬಾಟಲಿಯ ಪೆಟ್ರೋಲ್ ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ) ಮೇಲೂ ಪ್ಲಗ್ ವೈರುಗಳ ಮೇಲೂ ಚೆಲ್ಲಿತು. ಎಸಿ ಪಂಪಿನಿಂದ (ಟ್ಯಾಂಕಿನ ಪೆಟ್ರೋಲ್ ಎಳೆದುಕೊಡುವ ಪಂಪು) ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪು ಕರಗಿ, ಅದರೊಳಗಿನ ಪೆಟ್ರೋಲೂ ಸುರಿದು ಬೆಂಕಿಗೆ ಸೇರಿಕೊಂಡಿತು. ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್ ವೈರು, ವೈರಿಂಗಿನ ಒಂದು ಭಾಗ ಹೋಯಿತು. ಬಾಟಲಿ ಹಿಡಿದವರ ಮುಂಗೈ ಸುಟ್ಟಿತು.

ಮೂಲ ದೋಷ ಒಂದೇ ಒಂದು ಸ್ಕ್ರೂ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಕಾರ್ಬುರೇಟರ್ ಬಾಯನ್ನು ಮುಚ್ಚುವ ಪ್ಲೇಟೇ ಚೋಕ್; ಅದರ ಕೇಬಲ್‌ನ ಹೊರಕವಚವನ್ನು ಕಾರ್ಬುರೇಟರಿಗೆ ಬಿಗಿಯುವ ಕ್ಲಿಪ್ಪಿನ ಸ್ಕ್ರೂ ಸಡಿಲವಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಗುಂಡಿ ಪೂರ್ತಿ ಹೊರಗೆ ಬರುತ್ತಿತ್ತು, ಆದರೆ ಒಳಗಿನ ತಂತಿಯ ಜೊತೆ ಕವಚವೂ ಜಾರುತ್ತಿದ್ದುದರಿಂದ ಚೋಕ್ ಪ್ಲೇಟು ಅರ್ಧಕ್ಕೇ ನಿಲ್ಲುತ್ತಿತ್ತು. ಸೀಟಿನಲ್ಲಿ ಕೂತವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಹೀಗೆ ಹುಯ್ದಾಗ ಬ್ಯಾಕ್‌ಫೈರ್ ಯಾಕಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆದರೆ ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಬಹುಪಾಲು ಆವಿಯಾಗದೆ ಮ್ಯಾನಿಫೋಲ್ಡಿನ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ತಲುಪುವ ಆವಿ ಕಡಿಮೆ. ಅದಕ್ಕೇ ಚೋಕ್ ಗಾಳಿಯನ್ನು ತಡೆದು ಹಲವು ಪಟ್ಟು ಹೆಚ್ಚು ಪೆಟ್ರೋಲ್ ಎಳೆಸುತ್ತದೆ. ಮಿಶ್ರಣ ತೆಳುವಾದರೆ ಉರಿ ನಿಧಾನವಾಗುತ್ತದೆ. ಮುಂದಿನ ಸಲ ಇನ್‌ಲೆಟ್ ವಾಲ್ವ್ ತೆರೆಯುವಾಗಲೂ ಒಳಗೆ ಉರಿ ಉಳಿದಿದ್ದರೆ ಅದು ಕಾರ್ಬುರೇಟರ್ ಕಡೆಗೆ ಹಿಂದಕ್ಕೆ ನುಗ್ಗುತ್ತದೆ. ಬಾಟಲಿಯಲ್ಲಿ ಹುಯ್ದದ್ದು ಕೆಲವೇ ಸುತ್ತಿಗೆ ಸಾಕಾಗಿ ಮಿಶ್ರಣ ಮತ್ತೆ ತೆಳುವಾಗುತ್ತದೆ. ಅಂದರೆ ಬ್ಯಾಕ್‌ಫೈರ್ ಆಗುವ ಹೊತ್ತಿಗೆ ಸರಿಯಾಗಿ ನಿಮ್ಮ ಮುಖ, ಕೈ, ಬಾಟಲಿ ಮೂರೂ ಅಲ್ಲೇ ಇರುತ್ತವೆ. ಏರ್ ಕ್ಲೀನರ್ ಜಾಗದಲ್ಲಿದ್ದರೆ ಆ ಜ್ವಾಲೆಯನ್ನು ಬಹುತೇಕ ತಡೆಯುತ್ತದೆ, ಆದ್ದರಿಂದ ಅದನ್ನು ಬಿಚ್ಚಿಟ್ಟು ಸೆಲ್ಫ್ ಹೊಡೆಯಲೇಬೇಡಿ. ಚಳಿಯಲ್ಲಿ ಪೆಟ್ರೋಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಅದರ ಆವಿ ಕಿಡಿ ಸಿಕ್ಕಿದರೆ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಇಗ್ನಿಷನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಇನ್ನೊಬ್ಬರಿಂದ ಚೋಕ್ ಎಳೆಸಿ. ಪ್ಲೇಟು ಸಂದಿಲ್ಲದಂತೆ ಮುಚ್ಚಬೇಕು, ಗುಂಡಿ ಒತ್ತಿದಾಗ ನೆಟ್ಟಗೆ ನಿಲ್ಲಬೇಕು. ಹಾಗಾಗದಿದ್ದರೆ ಕವಚದ ಕ್ಲಿಪ್ಪನ್ನು ಬಿಗಿ ಮಾಡಿ. ಆಮೇಲೆ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ, 2 ಮಿ.ಮೀ.ನಷ್ಟು ಮಾತ್ರ ಹೊರಗೆಳೆದು, ಪ್ಲೇಟು ಪೂರ್ತಿ ತೆರೆದಿರುವಾಗ ತಂತಿಯ ಸ್ಕ್ರೂ ಬಿಗಿಯಿರಿ. ಪ್ಲೇಟಿನ ಶಾಫ್ಟ್ ಹಿಡಿಯುತ್ತಿದ್ದರೆ ಕಾರ್ಬ್ ಕ್ಲೀನರಿನಿಂದ ತೊಳೆಯಿರಿ. ಗ್ರೀಸ್ ಬೇಡ, ಧೂಳು ಸೇರಿ ಮತ್ತೆ ಹಿಡಿಯುತ್ತದೆ. ಚೋಕ್ ಎಳೆದಾಗ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಕೂಡ ತುಸು ತೆರೆಯಬೇಕು. ಆ ಸಣ್ಣ ಲಿಂಕ್ ಕಳಚಿಹೋಗಿದ್ದರೆ ಸ್ಟಾರ್ಟ್ ಆದ ಎಂಜಿನ್ ಮರುಕ್ಷಣವೇ ನಿಲ್ಲುತ್ತದೆ.

ಇಲ್ಲಿ ನಿಮ್ಮ ಕಾರ್ಬುರೇಟರ್ ಯಾವುದು ಎಂಬುದು ಮುಖ್ಯ. ಕಾರ್ಟರ್ ವೈಎಫ್‌ನಂಥ ಪ್ಲೇಟ್ ಚೋಕ್ ಇದ್ದರೆ ಚೋಕ್ ಎಳೆದು, ಆಕ್ಸಿಲರೇಟರನ್ನು ಒಂದೆರಡು ಸಲ ಒತ್ತಿ ಬಿಟ್ಟು ಸೆಲ್ಫ್ ಹೊಡೆಯಬೇಕು. ಕೆಲವು ಸೋಲೆಕ್ಸ್‌ಗಳಲ್ಲಿ ಪ್ಲೇಟೇ ಇರುವುದಿಲ್ಲ. ಗುಂಡಿ ಎಳೆದಾಗ ಪಕ್ಕದಲ್ಲಿರುವ ಬೇರೆ ದಾರಿಯೊಂದು ತೆರೆದು ಅಲ್ಲಿಂದ ದಟ್ಟ ಮಿಶ್ರಣ ಹೋಗುತ್ತದೆ. ಇದು ಥ್ರಾಟಲ್ ಮುಚ್ಚಿದಾಗ ಕೆಳಗೆ ಹುಟ್ಟುವ ಎಳೆತದಿಂದ ಕೆಲಸ ಮಾಡುವುದರಿಂದ ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಮೇಲೆ ಕಾಲಿಡಲೇಬಾರದು. ಚೋಕ್ ಸರಿಯಿದ್ದೂ ಸ್ಟಾರ್ಟ್ ಆಗದ ಎಷ್ಟೋ ಸೋಲೆಕ್ಸ್ ಗಾಡಿಗಳ ತೊಂದರೆ ಇಷ್ಟೇ.

ವಾರಗಟ್ಟಲೆ ನಿಂತ ಗಾಡಿಯಲ್ಲಿ ಫ್ಲೋಟ್ ಚೇಂಬರಿನ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿ) ಪೆಟ್ರೋಲ್ ಆರಿಹೋಗಿರುತ್ತದೆ. ಬಾಟಲಿ ಹಿಡಿಯಲು ಮನಸ್ಸಾಗುವುದು ಹೆಚ್ಚಾಗಿ ಆಗಲೇ. ಎಸಿ ಪಂಪಿನ ಕೆಳಗೆ ಕೈಲಿವರ್ ಇದ್ದರೆ ಅದನ್ನು ಒತ್ತುತ್ತಾ ಹೋಗಿ. ಚೇಂಬರ್ ತುಂಬಿದಾಗ ಲಿವರ್ ಬಿಗಿ ಕಳೆದುಕೊಂಡು ಹಗುರವಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಆದರೆ ಮೊದಲ ಒತ್ತಿನಿಂದಲೇ ಹಗುರವಾಗಿದ್ದರೆ ಕ್ಯಾಮ್ ಪಂಪಿನ ತೋಳನ್ನು ಎತ್ತಿ ಹಿಡಿದಿರಬಹುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ರಾತ್ರಿ ಬೆಳಗಾಗುವುದರೊಳಗೆ ಚೇಂಬರ್ ಖಾಲಿಯಾಗುತ್ತಿದ್ದರೆ ಆರಿಹೋದದ್ದಲ್ಲ, ಎಲ್ಲೋ ಸೋರುತ್ತಿದೆ.

ಚೇಂಬರ್ ತುಂಬಿದ ಮೇಲೆ ಎಂಜಿನ್ ಆಫ್ ಇರುವಾಗಲೇ, ಮುಖ ದೂರವಿಟ್ಟು, ಚೋಕ್ ಪ್ಲೇಟ್ ತೆರೆದು ಥ್ರಾಟಲ್ ಲಿವರನ್ನು ಕೈಯಿಂದ ಎಳೆಯಿರಿ. ಎಳೆದ ಕ್ಷಣವೇ ಗಟ್ಟಿ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ ಅಥವಾ ತೊಟ್ಟಿಕ್ಕಿದರೆ ಆಕ್ಸಿಲರೇಟರ್ ಪಂಪಿನ (ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ, ಕಾರ್ಬುರೇಟರಿನೊಳಗಿನ ಸಣ್ಣ ಪಂಪು) ಡಯಾಫ್ರಾಮ್ ಹರಿದಿದೆ, ಚರ್ಮದ ವಾಷರ್ ಒಣಗಿದೆ, ಇಲ್ಲವೇ ಅದರ ಜೆಟ್ (ಪೆಟ್ರೋಲ್ ಚಿಮ್ಮುವ ಸಣ್ಣ ತೂತು) ಕಟ್ಟಿದೆ. ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಅಳತೆ ಕೆಟ್ಟಂತೆಯೇ. ಕ್ಲೀನರ್ ಹಾಕಿ ಗಾಳಿ ಹೊಡೆಯಿರಿ.

ಸೆಲ್ಫ್ ಮಂದವಾಗಿ ತಿರುಗಿದರೆ ಕಾರ್ಬುರೇಟರ್ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದಾಗ ಸುಮಾರು 12.6 ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಖಂಡಿತ ನೋಡಿ. ಅದು ತುಕ್ಕು ಹಿಡಿದಿದ್ದರೆ ಸೆಲ್ಫಿನ ಕರೆಂಟು ಚೋಕ್ ಕೇಬಲ್ ಮೂಲಕ ಹರಿದು ಕೇಬಲ್ ಕಾಯುತ್ತದೆ, ಕೆಲವೊಮ್ಮೆ ಹೊಗೆಯಾಡುತ್ತದೆ. ಅದೂ ಪೆಟ್ರೋಲಿನ ಪಕ್ಕದಲ್ಲೇ. ಪ್ಲಗ್, ಪಾಯಿಂಟ್ ಗ್ಯಾಪುಗಳನ್ನು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಪ್ರಕಾರ ಇಟ್ಟುಕೊಳ್ಳಿ.

ಪೆಟ್ರೋಲ್ ವಾಸನೆ ಹೊಡೆದರೆ ಓವರ್‌ಫ್ಲೋ ಆಗಿದೆ ಎಂದರ್ಥ. ಮೊದಲು ಕಾರ್ಬುರೇಟರ್ ಹೊರಗೆ ಸೋರಿಲ್ಲವೆಂದು ನೋಡಿ. ಸೋರಿದ್ದರೆ ಒರೆಸಿ, ಆರುವ ತನಕ ಸೆಲ್ಫ್ ಮುಟ್ಟಬೇಡಿ. ಆಮೇಲೆ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಒಂದೇ ಸಲ ತಳಕ್ಕೆ ಒತ್ತಿ ಹಿಡಿದು 5ರಿಂದ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪದೇ ಪದೇ ಒತ್ತಬೇಡಿ, ಪ್ರತಿ ಒತ್ತಿಗೂ ಆಕ್ಸಿಲರೇಟರ್ ಪಂಪು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಡಿಪ್‌ಸ್ಟಿಕ್ಕಿನ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸದೆ ಗಾಡಿ ಓಡಿಸಬೇಡಿ.

ಇಷ್ಟೆಲ್ಲ ಮಾಡುವಾಗ ಬೆಂಕಿ ಆರಿಸುವ ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೈಗೆಟಕುವಂತಿರಲಿ. ಜ್ವಾಲೆ ಕಾರ್ಬುರೇಟರ್ ಬಾಯೊಳಗಷ್ಟೇ ಇದ್ದರೆ ಸೀಟಿನಲ್ಲಿರುವವರು ಸೆಲ್ಫ್ ಹೊಡೆಯುತ್ತಲೇ ಇರಲಿ, ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಹಬ್ಬಿದರೆ ಇಗ್ನಿಷನ್ ಆಫ್ ಮಾಡಿ ಗಾಡಿಯಿಂದ ಇಳಿಯಬೇಕು. ನೀರು ಹಾಕಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಗಾಡಿಯ ಅಡಿಗೂ ಹರಡುತ್ತದೆ.