ಬಾವಿ ನೀರಿಗೆ ಗಾಜಿನೆಳೆಯ ಪರೀಕ್ಷೆ: ಬಾಡಿಗೆಗೆ ತಂದ ಫೈಬರ್ ಸೆನ್ಸರ್

ಸೋಮವಾರಪೇಟೆ ಸಮೀಪದ ನಮ್ಮ ಅರೇಬಿಕಾ ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕ ಹುಳುವಿಗೆ ಕೀಟನಾಶಕವಾದ ಕ್ಲೋರ್‌ಪೈರಿಫಾಸ್ ಹೊಡೆದ ಮೇಲೆ ಬರುವ ಮೊದಲ ಜೋರು ಮಳೆ ಇಳಿಜಾರಿನ ಕೆಳಗಿನ ಬಾವಿಗೆ ಏನನ್ನು ತಂದಿರಬಹುದು ಎಂಬ ಆತಂಕ ಪ್ರತಿ ವರ್ಷವೂ ಇದ್ದದ್ದೇ. ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರೆಲ್ಲ ಕುಡಿಯುವುದು ಅದೇ ನೀರನ್ನು. ಈ ಸಲ ನೀರಿನಲ್ಲಿ ಕೀಟನಾಶಕವಿದೆಯೇ ಎಂದು ಗಾಜಿನೆಳೆಯ ಬೆಳಕಿನಿಂದ ನೋಡುವ ಆಪ್ಟಿಕಲ್ ಫೈಬರ್ ಸೆನ್ಸರ್ ಒಂದನ್ನು ಎರಡು ವಾರಕ್ಕೆ ಬಾಡಿಗೆಗೆ ತರಿಸಿದೆ.

ಉಪಕರಣ ಊಟದ ಡಬ್ಬಿಯಷ್ಟಿದೆ. ಅದರಿಂದ ಹೊರಟ ಫೈಬರ್‌ನ ತುದಿಯಲ್ಲಿ ಹೊರಕವಚ ತೆಗೆದು, ನ್ಯಾನೋ ಗಾತ್ರದ ಚಿನ್ನದ ಕಣಗಳನ್ನು ಅಂಟಿಸಿ, ಅವುಗಳ ಮೇಲೆ ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ಕೂರಿಸಿದ್ದಾರೆ. ಇಷ್ಟು ಸಣ್ಣ ಚಿನ್ನ ಹಳದಿಯಾಗಿ ಕಾಣುವುದಿಲ್ಲ. 520 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಹೀರುವುದರಿಂದ ತುದಿ ನಸುಗೆಂಪಾಗಿರುತ್ತದೆ. ಬೆಳಕು ಎಳೆಯೊಳಗೇ ಪ್ರತಿಫಲಿಸುತ್ತ ಸಾಗಿದರೂ ಅದರ ಒಂದಂಶ ಗಾಜಿನಾಚೆಗೆ ಕೆಲವು ನೂರು ನ್ಯಾನೋಮೀಟರ್‌ನಷ್ಟು ಚಾಚಿಕೊಂಡಿದ್ದು, ಕಣಗಳ ಸುತ್ತಲಿನ ಬದಲಾವಣೆಯನ್ನು ಹಿಡಿಯುತ್ತದೆ. ಕಿಟ್‌ನ ದ್ರಾವಣವನ್ನು ಕಿಣ್ವ ಒಡೆದಾಗ ಚಿನ್ನ ಹೀರುವ ಬಣ್ಣ ಸರಿಯಬೇಕು. ನೀರಿನಲ್ಲಿ ಕೀಟನಾಶಕವಿದ್ದರೆ ಕಿಣ್ವದ ಕೈ ಕಟ್ಟಿಹೋಗಿ ಆ ಸರಿತ ತಗ್ಗುತ್ತದೆ, ಉಪಕರಣ ತೋರಿಸುವ ಅಂಕಿಯೂ ಇಳಿಯುತ್ತದೆ.

ಆದರೆ ಕ್ಲೋರ್‌ಪೈರಿಫಾಸ್ ತಾನಾಗಿಯೇ ಈ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ, ಅದರ ಉತ್ಕರ್ಷಿತ (ಆಮ್ಲಜನಕ ಸೇರಿದ) ರೂಪವಾದ ಆಕ್ಸಾನ್ ತಡೆಯುತ್ತದೆ. ಆದ್ದರಿಂದ ನೀರಿಗೆ ಮೊದಲು ಉತ್ಕರ್ಷಕದ ಹನಿ ಹಾಕಿ ಕಾಯಬೇಕು. ಇಷ್ಟು ಮುಖ್ಯವಾದ ಮಾತನ್ನು ಕೈಪಿಡಿಯ ಕೊನೆಯ ಪುಟಕ್ಕೆ ತಳ್ಳಿದ್ದಾರೆ. ಮೊದಲ ದಿನ ನಾನು ಆ ಹನಿಯನ್ನು ಹಾಕಿರಲಿಲ್ಲ; ಸ್ಪ್ರೇ ಡ್ರಮ್ ತೊಳೆದ ನೀರಿಗೂ ‘ಏನೂ ಇಲ್ಲ’ ಎಂಬ ಉತ್ತರ ಬಂದಾಗಲೇ ತಪ್ಪು ಗೊತ್ತಾದದ್ದು. ಮರುದಿನ ಹನಿ ಹಾಕಿ ನೋಡಿದಾಗ ಅದೇ ನೀರಿಗೆ ಅಂಕಿ ನೆಲಕಚ್ಚಿತು.

ಬಾವಿ ನೀರಿಗೆ ಅಂಕಿ ಸ್ವಲ್ಪವೇ ಇಳಿಯಿತು. ಫಿಲ್ಟರ್ ಕಾಗದದಲ್ಲಿ ಸೋಸಿದ ಮೇಲೆ ಆ ಇಳಿತವೂ ಅರ್ಧವಾಯಿತು. ಅಂದರೆ ಕೆಮ್ಮಣ್ಣಿನ ಕದಡೂ ತುದಿಗೆ ಮೆತ್ತಿಕೊಂಡು ಕಿಣ್ವದ ಮೇಲೆ ದೂರು ಹೊರಿಸುತ್ತಿತ್ತು. ಉಳಿದರ್ಧ ಕ್ಲೋರ್‌ಪೈರಿಫಾಸ್‌ನದ್ದೋ, ಪಕ್ಕದ ತೋಟದಲ್ಲಿ ಹೊಡೆದ, ಅದೇ ಜಾತಿಯ ಕೀಟನಾಶಕವಾದ ಇನ್ನೊಂದು ಆರ್ಗನೋಫಾಸ್ಫೇಟ್‌ನದ್ದೋ ಎಂದು ಈ ಸಾಧನ ಹೇಳಲಾರದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಕ್ಲೋರ್‌ಪೈರಿಫಾಸ್‌ಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯಿದೆ. ಅದರ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಲು ಶೀಶೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕಾಯಿತು.

ಬಾಡಿಗೆ ಹೊರೆಯಲ್ಲ, ತುದಿಗಳದ್ದೇ ಖರ್ಚು. ಕಿಣ್ವ ಕೆಡದಂತೆ ಅವುಗಳನ್ನು ಫ್ರಿಜ್ಜಿನಲ್ಲೇ ಇಡಬೇಕೆನ್ನುವವರು ಮಳೆಗಾಲದ ಕೊಡಗನ್ನು ನೋಡಿದಂತಿಲ್ಲ: ಮರ ಬಿದ್ದು ಎರಡು ದಿನ ಕರೆಂಟು ಹೋದದ್ದಕ್ಕೆ ಮೂರು ತುದಿಗಳು ಕೆಲಸಕ್ಕೆ ಬಾರದಾದವು. ಬದಲಿ ಕೇಳಿದರೆ ಕೊಡಲಿಲ್ಲ. ಆದರೂ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ತರಿಸುತ್ತೇನೆ, ಸಿಂಪಡಣೆಗೆ ಮುಂಚಿನ ತಿಳಿನೀರಿನ ಅಂಕಿಯನ್ನು ಮೊದಲು ಬರೆದಿಟ್ಟುಕೊಳ್ಳುವುದಕ್ಕಾಗಿ.